ರೇಸ್ ಕಾರಿನ ಗಾಳಿಕಿಂಡಿ ಮತ್ತು ಹೈಡ್ರಾಲಿಕ್ಸ್

ಫಾರ್ಮುಲಾ ಒನ್ ಕಾರಿನ ಮೈಮೇಲಿರುವ ಪ್ರತಿಯೊಂದು ಕಿಂಡಿಗೂ ಬೆಲೆ ತೆರಬೇಕಾಗುತ್ತದೆ. ಒಳಗೆ ಹೆಚ್ಚು ಗಾಳಿ ಬಿಟ್ಟರೆ ಎಂಜಿನ್ ತಣ್ಣಗಿರುತ್ತದೆ, ಆದರೆ ಅದೇ ಗಾಳಿ ಕಾರಿನ ಓಟಕ್ಕೆ ಅಡ್ಡಿಯಾಗುತ್ತದೆ. ಕಿಂಡಿ ಕಿರಿದು ಮಾಡಿದರೆ ವೇಗ ಸಿಗುತ್ತದೆ, ಆದರೆ ಎಂಜಿನ್ ಕಾದು ಕೆಡುವ ಭಯ.

ಹಿಂದೆ ಈ ಕಾರುಗಳಿಗೂ ರೇಡಿಯೇಟರ್ ಮೂತಿಯಲ್ಲೇ ಇರುತ್ತಿತ್ತು. 1970ರಲ್ಲಿ ಬಂದ ಲೋಟಸ್ 72 ಅದನ್ನು ಎರಡೂ ಪಕ್ಕಗಳಿಗೆ ಸಾಗಿಸಿ, ಮೂತಿಯನ್ನು ಚೂಪಾಗಿಸಿತು. ಒಳಹೋದ ಗಾಳಿ ಬಿಸಿಯಾಗಿ ಹೊರಬರಲು ಮೀನಿನ ಕಿವಿರಿನಂತಹ ಸೀಳುಗಳು, ಚಿಮಣಿಗಳು ಆಮೇಲೆ ಬಂದವು. 2009ರ ನಿಯಮ ಇವುಗಳಿಗೆ ಕಡಿವಾಣ ಹಾಕಿತು. 2022ರಲ್ಲಿ ಸೀಳುಗಳಿಗೆ ಮತ್ತೆ ಅವಕಾಶ ಸಿಕ್ಕಿತು. ಊರಿನ ಹವೆ ನೋಡಿ ತಂಡಗಳು ಸೀಳುಗಳ ಸಂಖ್ಯೆ ಹೆಚ್ಚು ಕಡಿಮೆ ಮಾಡುತ್ತವೆ. ಸಮುದ್ರಮಟ್ಟದಿಂದ 2200 ಮೀಟರಿಗೂ ಎತ್ತರದಲ್ಲಿರುವ ಮೆಕ್ಸಿಕೊ ಸಿಟಿಯಲ್ಲಿ ಗಾಳಿಯೇ ತೆಳು. ಅಲ್ಲಿ ಬಿಸಿಲು ಹದವಾಗಿದ್ದರೂ ಕಿಂಡಿ ದೊಡ್ಡದೇ ಬೇಕು.

ತಂಪಿನ ಹೆಸರಿನಲ್ಲಿ ನಡೆದ ಜಾಣತನಕ್ಕೆ 1978ರ ಬ್ರಾಬಮ್ ಬಿಟಿ46ಬಿ ಕಾರಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ವಿನ್ಯಾಸಕಾರ ಗಾರ್ಡನ್ ಮರ್ರೆ ಮೊದಲು ರೇಡಿಯೇಟರ್ ಬದಲು ಕಾರಿನ ಮೈಗೇ ಚಪ್ಪಟೆ ಶೀತಕಗಳನ್ನು ಕೂರಿಸಿ ನೋಡಿದ್ದರು. ಅದು ಸಾಲಲಿಲ್ಲ. ನಂತರ ಎಂಜಿನ್ ಮೇಲೆ ರೇಡಿಯೇಟರ್ ಮಲಗಿಸಿ, ಹಿಂಬದಿಗೆ ದೊಡ್ಡ ಫ್ಯಾನ್ ಜೋಡಿಸಿದರು. ಫ್ಯಾನ್ ಇರುವುದು ಮುಖ್ಯವಾಗಿ ತಂಪಿಗೆ ಎಂಬುದು ತಂಡದ ವಾದ. ಆದರೆ ಅದು ಕಾರಿನ ಅಡಿಯ ಗಾಳಿಯನ್ನೂ ಹೀರಿ ಕಾರನ್ನು ನೆಲಕ್ಕೆ ಅಂಟಿಸುತ್ತಿತ್ತು. ನಿಂತಲ್ಲೇ ಎಂಜಿನ್ ರೇಸ್ ಮಾಡಿದರೆ ಕಾರು ಕುಗ್ಗುವುದು ಕಣ್ಣಿಗೇ ಕಾಣುತ್ತಿತ್ತು! ಕಾರು ನಿಂತಾಗ ಫ್ಯಾನ್ ಯಾರಿಗೂ ಕಾಣದಂತೆ ಕಸದ ಡಬ್ಬಿಯ ಮುಚ್ಚಳ ಮುಚ್ಚಿಡಲಾಗುತ್ತಿತ್ತು. ಸ್ವೀಡನ್ನಿನ ಆಂಡರ್‌ಸ್ಟಾರ್ಪ್‌ನಲ್ಲಿ ನಿಕಿ ಲಾಡಾ 34 ಸೆಕೆಂಡಿಗೂ ಹೆಚ್ಚು ಅಂತರದಿಂದ ಗೆದ್ದರು. ಎದುರಾಳಿಗಳು ಬೊಬ್ಬೆ ಹಾಕಿದರು. ಗೆಲುವು ಉಳಿಯಿತು, ಕಾರು ಮಾತ್ರ ಮತ್ತೆ ರೇಸಿಗೆ ಇಳಿಯಲಿಲ್ಲ.

ಬ್ರೇಕಿನ ಬಿಸಿ ಇನ್ನೂ ಉಗ್ರ. ಕಾರ್ಬನ್ ಡಿಸ್ಕ್ ಸುಮಾರು 1000 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದು ಕೆಂಡವಾಗುತ್ತದೆ. 2022ರ ಮುಂಗಾಲಿ ಡಿಸ್ಕುಗಳಲ್ಲಿ ಸುಮಾರು 3 ಮಿಲಿಮೀಟರ್ ಅಗಲದ 1000ಕ್ಕೂ ಹೆಚ್ಚು ರಂಧ್ರಗಳಿದ್ದವು. ಗಾಳಿ ಸಾಕಷ್ಟು ಸಿಗದೆ ಬ್ರೇಕ್ ಆಯಿಲ್ ಕುದಿದರೆ ಅದರಲ್ಲಿ ಗುಳ್ಳೆಗಳೇಳುತ್ತವೆ. ದ್ರವವನ್ನು ಅಮುಕಿ ಕುಗ್ಗಿಸಲಾಗದು, ಗುಳ್ಳೆಯನ್ನು ಕುಗ್ಗಿಸಬಹುದು. ಹಾಗಾಗಿ ಪೆಡಲ್ ಒಳಗೆ ಹೋಗುತ್ತದೆಯೇ ಹೊರತು ಬ್ರೇಕ್ ಹಿಡಿಯುವುದಿಲ್ಲ. ಘಾಟಿ ಇಳಿಯುವಾಗ ಸತತವಾಗಿ ಬ್ರೇಕ್ ಒತ್ತಿದ ವಾಹನಗಳಿಗೂ ಇದೇ ಅಪಾಯ.

ದ್ರವದ ಈ ಗುಣವೇ ಹೈಡ್ರಾಲಿಕ್ಸ್‌ಗೆ ಆಧಾರ. ಟ್ರ್ಯಾಕ್ಟರಿನ ಲಿಫ್ಟ್ ಮತ್ತು ಜೆಸಿಬಿಯ ಕೈ ಕೆಲಸ ಮಾಡುವುದೂ ಹೀಗೆಯೇ. ಫಾರ್ಮುಲಾ ಒನ್ ಕಾರಿನಲ್ಲಿ ಎಂಜಿನ್ನಿನಿಂದ ತಿರುಗುವ ಪಂಪ್ ಸುಮಾರು 200 ಬಾರ್ ಒತ್ತಡ ಕೊಡುತ್ತದೆ. ಇದು ಸಾಮಾನ್ಯ ಕಾರಿನ ಟೈರಿನ ಗಾಳಿಗಿಂತ ಸುಮಾರು 90 ಪಟ್ಟು. ಗೇರ್, ಕ್ಲಚ್, ಡಿಫರೆನ್ಷಿಯಲ್, ಪವರ್ ಸ್ಟಿಯರಿಂಗ್ ಎಲ್ಲವೂ ಈ ಒತ್ತಡವನ್ನೇ ನಂಬಿವೆ. 1989ರಲ್ಲಿ ಜಾನ್ ಬರ್ನಾರ್ಡ್ ರೂಪಿಸಿದ ಫೆರಾರಿ 640 ಸ್ಟಿಯರಿಂಗ್ ಹಿಂದಿನ ಪಟ್ಟಿಯಿಂದಲೇ ಗೇರ್ ಬದಲಿಸುವ ವ್ಯವಸ್ಥೆ ತಂದಿತು. ನೈಜೆಲ್ ಮ್ಯಾನ್ಸೆಲ್ ಬ್ರೆಜಿಲ್‌ನಲ್ಲಿ ಮೊದಲ ರೇಸನ್ನೇ ಗೆದ್ದರೂ, ಆ ವರ್ಷ ಕಾರು ಪದೇ ಪದೇ ಕೈಕೊಟ್ಟಿತು. 1992ರಲ್ಲಿ ಅವರು ಚಾಂಪಿಯನ್ ಆದ ವಿಲಿಯಮ್ಸ್ ಕಾರಿನ ಸಸ್ಪೆನ್ಷನ್ ಕೂಡ ಕಂಪ್ಯೂಟರ್ ಆಜ್ಞೆಯಂತೆ ಹೈಡ್ರಾಲಿಕ್ ಬಲದಿಂದ ಏರಿಳಿಯುತ್ತಿತ್ತು. 1994ಕ್ಕೆ ಅದನ್ನು ನಿಷೇಧಿಸಲಾಯಿತು.

ಇಷ್ಟನ್ನೂ ಒಂದೇ ಪಂಪಿಗೆ ಕಟ್ಟಿದ ಮೇಲೆ, ಎಲ್ಲೋ ಒಂದು ಕಡೆ ಸೋರಿಕೆಯಾದರೂ ಗಟ್ಟಿಮುಟ್ಟಾದ ಎಂಜಿನ್ ನಿರುಪಯೋಗಿ. ಕಾಲಿನ ಬಲದಿಂದಲೇ ನಡೆಯುವ ಮುಂಗಾಲಿ ಬ್ರೇಕಿಗೆ ಮಾತ್ರ ಪ್ರತ್ಯೇಕ ಕೊಳವೆ ಇರುವುದು ಸಮಾಧಾನ. 2018ರ ಜುಲೈನಲ್ಲಿ ಜರ್ಮನಿಯ ಹಾಕನ್‌ಹೈಮ್‌ನಲ್ಲಿ ಅರ್ಹತಾ ಸುತ್ತಿನ ವೇಳೆ ಲೂಯಿಸ್ ಹ್ಯಾಮಿಲ್ಟನ್ ಕಾರಿನ ಹೈಡ್ರಾಲಿಕ್ಸ್ ಕೆಟ್ಟಿತು. ತಂಡ ನಿಲ್ಲಿಸಲು ಹೇಳಿತು. ಅವರು ಕೆಳಗಿಳಿದು ಕಾರನ್ನು ಕೈಯಿಂದಲೇ ತಳ್ಳತೊಡಗಿದರು. ಮರುದಿನ 14ನೇ ಸ್ಥಾನದಿಂದ ಹೊರಟು ರೇಸ್ ಗೆದ್ದರು.