ಬಹುಕಾರ್ಯ ಮುದ್ರಕ

ಬಹುಕಾರ್ಯ ಮುದ್ರಕ ಅಥವಾ ಆಲ್-ಇನ್-ಒನ್ ಪ್ರಿಂಟರ್ ಎಂಬುದು ಮುದ್ರಣ, ಸ್ಕ್ಯಾನಿಂಗ್ ಮತ್ತು ನಕಲು ತೆಗೆಯುವ ಕೆಲಸಗಳನ್ನು ಒಂದೇ ಯಂತ್ರದಲ್ಲಿ ನಿರ್ವಹಿಸುವ ಸಾಧನ. ಕೆಲವು ಮಾದರಿಗಳಲ್ಲಿ ಫ್ಯಾಕ್ಸ್ ಸೌಲಭ್ಯವೂ ಇರುತ್ತದೆ. ಮನೆ, ಸಣ್ಣ ಕಚೇರಿ, ಜೆರಾಕ್ಸ್ ಅಂಗಡಿ ಹಾಗೂ ಸೇವಾ ಕೇಂದ್ರಗಳಲ್ಲಿ ಇದು ಬಳಕೆಯಲ್ಲಿದೆ. ಇದರ ಆಯ್ಕೆಯಲ್ಲಿ ಯಂತ್ರದ ಬೆಲೆಯಷ್ಟೇ ಅಲ್ಲದೆ, ತಿಂಗಳಿಗೆ ಮುದ್ರಿಸುವ ಪುಟಗಳ ಸಂಖ್ಯೆ ಮತ್ತು ಪ್ರತಿ ಪುಟದ ವೆಚ್ಚವೂ ನಿರ್ಣಾಯಕವಾಗುತ್ತವೆ.

ಹಿನ್ನೆಲೆ

ಅಮೆರಿಕದ ಚೆಸ್ಟರ್ ಕಾರ್ಲ್‌ಸನ್ 1938ರಲ್ಲಿ ಒಣ ನಕಲು ವಿಧಾನವನ್ನು ಕಂಡುಹಿಡಿದರು. ಇದನ್ನು ಆಧರಿಸಿದ ಜೆರಾಕ್ಸ್ 914 ಯಂತ್ರವು 1959ರಲ್ಲಿ ಬಂದಿತು. ಕನ್ನಡದಲ್ಲಿ ಆ ಕಂಪನಿಯ ಹೆಸರೇ ನಕಲು ಪ್ರತಿಗೆ ರೂಢನಾಮವಾಗಿದೆ. ಲೇಸರ್ ಮುದ್ರಣವನ್ನು ರೂಪಿಸಿದ ಗ್ಯಾರಿ ಸ್ಟಾರ್ಕ್‌ವೆದರ್ ಸಹ ಅದೇ ಸಂಸ್ಥೆಯವರು. ಎಚ್‌ಪಿ ಸಂಸ್ಥೆಯ ಲೇಸರ್‌ಜೆಟ್ ಮತ್ತು ಥಿಂಕ್‌ಜೆಟ್ ಮುದ್ರಕಗಳು 1984ರಲ್ಲಿ ಹಾಗೂ ಹಲವು ಕೆಲಸಗಳನ್ನು ಒಟ್ಟುಗೂಡಿಸಿದ ಆಫೀಸ್‌ಜೆಟ್ 1994ರಲ್ಲಿ ಮಾರುಕಟ್ಟೆಗೆ ಬಂದವು.

ಅಚ್ಚುಕೂಟದೊಂದಿಗೆ ಹೋಲಿಕೆ

ಮುದ್ರಣ ಕಾಶಿ ಎಂದು ಹೆಸರಾದ ಗದಗದಂತಹ ಊರುಗಳ ಅಚ್ಚುಕೂಟಗಳಲ್ಲಿ ಪುಸ್ತಕ, ಕರಪತ್ರ, ಲಗ್ನಪತ್ರಿಕೆಗಳು ಆಫ್‌ಸೆಟ್ ಯಂತ್ರದಲ್ಲಿ ಮುದ್ರಣವಾಗುತ್ತವೆ. ಆಫ್‌ಸೆಟ್‌ಗೆ ಮೊದಲು ಪ್ಲೇಟ್ ತಯಾರಿಸಬೇಕಾಗುವುದರಿಂದ ಪ್ರತಿಗಳು ಹೆಚ್ಚಿದಂತೆ ಒಂದು ಪ್ರತಿಯ ವೆಚ್ಚ ಇಳಿಯುತ್ತದೆ. ಬಹುಕಾರ್ಯ ಮುದ್ರಕಕ್ಕೆ ಪ್ಲೇಟ್ ಬೇಕಿಲ್ಲ. ಆದ್ದರಿಂದ ಅರ್ಜಿ, ಬಿಲ್ಲು, ಪಹಣಿ, ಆಧಾರ್ ನಕಲು ಮೊದಲಾದ ಕೆಲವೇ ಪ್ರತಿಗಳ ಕೆಲಸಕ್ಕೆ ಅದು ಸೂಕ್ತ. ನೂರಾರು ಪ್ರತಿಗಳ ಕೆಲಸಕ್ಕೆ ಅಚ್ಚುಕೂಟವೇ ಅಗ್ಗವಾಗಬಹುದು.

ವಿಧಗಳು

ಕಾರ್ಟ್ರಿಜ್ ಇಂಕ್‌ಜೆಟ್: ಯಂತ್ರದ ಬೆಲೆ ಕಡಿಮೆ, ಪ್ರತಿ ಪುಟದ ವೆಚ್ಚ ಹೆಚ್ಚು.

ಇಂಕ್ ಟ್ಯಾಂಕ್: ಬಾಟಲಿಯಿಂದ ಶಾಯಿ ತುಂಬುವ ಈ ಯಂತ್ರದ ಬೆಲೆ ಹೆಚ್ಚು, ಪುಟದ ವೆಚ್ಚ ತೀರಾ ಕಡಿಮೆ. ಬಣ್ಣದ ಮುದ್ರಣ ಹೆಚ್ಚಾಗಿರುವಲ್ಲಿ ಅನುಕೂಲಕರ.

ಲೇಸರ್: ಟೋನರ್ ಎಂಬ ಪುಡಿಯನ್ನು ಬಿಸಿ ಉರುಳೆಯಿಂದ ಕಾಗದಕ್ಕೆ ಅಂಟಿಸುತ್ತದೆ. ವೇಗ ಹೆಚ್ಚು. ಅಕ್ಷರಗಳು ನೀರು ತಾಗಿದರೂ ಹರಡುವುದಿಲ್ಲ.

ಇಂಕ್‌ಜೆಟ್ ವಿಧಗಳನ್ನು ಬಹುದಿನ ಬಳಸದೆ ಬಿಟ್ಟರೆ ಶಾಯಿ ಒಣಗಿ ಸೂಕ್ಷ್ಮ ರಂಧ್ರಗಳು ಕಟ್ಟಿಕೊಳ್ಳುತ್ತವೆ. ಲೇಸರ್ ಯಂತ್ರಕ್ಕೆ ಈ ತೊಂದರೆ ಇಲ್ಲ. ಆದರೆ ಮುದ್ರಿಸುವಾಗ ಅದು ನೂರಾರು ವಾಟ್ ವಿದ್ಯುತ್ತನ್ನು ಸೆಳೆಯುವುದರಿಂದ ಕಂಪ್ಯೂಟರಿನ ಸಣ್ಣ ಯುಪಿಎಸ್‌ಗೆ ಅದನ್ನು ಜೋಡಿಸಬಾರದು. ಕರೆಂಟ್ ಪದೇ ಪದೇ ಹೋಗುವ ಊರುಗಳಲ್ಲಿ ಕಡಿಮೆ ವಿದ್ಯುತ್ ಬಳಸುವ ಇಂಕ್‌ಜೆಟ್ ವಿಧಗಳಿಗೆ ಈ ಅನುಕೂಲವಿದೆ.

ವೆಚ್ಚದ ಲೆಕ್ಕ

ಕಾರ್ಟ್ರಿಜ್ ಅಥವಾ ಬಾಟಲಿಯ ಬೆಲೆಯನ್ನು ಅದರಿಂದ ಬರುವ ಪುಟಗಳ ಸಂಖ್ಯೆಯಿಂದ ಭಾಗಿಸಿದರೆ ಪುಟದ ಶಾಯಿ ವೆಚ್ಚ ದೊರೆಯುತ್ತದೆ. ಉದಾಹರಣೆಗೆ, 900 ರೂಪಾಯಿಯ ಕಾರ್ಟ್ರಿಜ್ 180 ಪುಟ ಕೊಟ್ಟರೆ ಪುಟಕ್ಕೆ 5 ರೂಪಾಯಿ. 400 ರೂಪಾಯಿಯ ಬಾಟಲಿ 4,000 ಪುಟ ಕೊಟ್ಟರೆ 10 ಪೈಸೆ. ಇಂಕ್ ಟ್ಯಾಂಕ್ ಯಂತ್ರದ ಬೆಲೆ 9,800 ರೂಪಾಯಿ ಹೆಚ್ಚಿದ್ದರೆ ಆ ವ್ಯತ್ಯಾಸ 2,000 ಪುಟಗಳಲ್ಲಿ ತೀರುತ್ತದೆ. ದಿನಕ್ಕೆ 20 ಪುಟ ಮುದ್ರಿಸುವ ಅಂಗಡಿಗೆ ಇದು 100 ದಿನಗಳ ಮಾತು. ತಿಂಗಳಿಗೆ 20 ಪುಟ ಮುದ್ರಿಸುವ ಮನೆಗೆ ಎಂಟು ವರ್ಷಕ್ಕೂ ಹೆಚ್ಚು ಕಾಲ ಬೇಕು.

ಕಂಪನಿಗಳು ನಮೂದಿಸುವ ಪುಟಸಂಖ್ಯೆಯು ಐಎಸ್‌ಒ ಮಾನದಂಡದ ಪರೀಕ್ಷಾ ಪುಟಗಳನ್ನು ಆಧರಿಸಿರುತ್ತದೆ. ಚಿತ್ರಗಳು ಹೆಚ್ಚಿದ್ದರೆ ವಾಸ್ತವ ಸಂಖ್ಯೆ ಕಡಿಮೆಯಾಗುತ್ತದೆ.

ಗಮನಿಸಬೇಕಾದ ಸೌಲಭ್ಯಗಳು

ಕಾಗದದ ಎರಡೂ ಬದಿಗಳಲ್ಲಿ ತಾನಾಗಿಯೇ ಮುದ್ರಿಸುವ ಡ್ಯುಪ್ಲೆಕ್ಸ್ ವ್ಯವಸ್ಥೆಯಿಂದ ಕಾಗದ ಉಳಿಯುತ್ತದೆ. ಹಲವು ಹಾಳೆಗಳನ್ನು ಒಂದೊಂದಾಗಿ ಎಳೆದುಕೊಳ್ಳುವ ಎಡಿಎಫ್ ಸೌಲಭ್ಯವು ಕಚೇರಿಗೆ ಉಪಯುಕ್ತ. ಗುರುತಿನ ಚೀಟಿಯ ಎರಡೂ ಬದಿಗಳನ್ನು ಒಂದೇ ಹಾಳೆಗೆ ತೆಗೆಯುವ ಸೌಲಭ್ಯವು ಸೇವಾ ಕೇಂದ್ರಗಳಿಗೆ ಅನುಕೂಲ. ಸಾಮಾನ್ಯ ದಾಖಲೆಗಳ ಸ್ಕ್ಯಾನಿಂಗ್‌ಗೆ 300 ಡಿಪಿಐ ಸಾಕಾಗುತ್ತದೆ. ಇಂಕ್‌ಜೆಟ್ ಯಂತ್ರದಲ್ಲಿ ಹೆಚ್ಚುವರಿ ಶಾಯಿ ಹೀರುವ ಪ್ಯಾಡ್ ತುಂಬಿದಾಗ ಯಂತ್ರ ನಿಲ್ಲುತ್ತದೆ. ಆದ್ದರಿಂದ ಹತ್ತಿರದ ಊರಿನಲ್ಲಿ ದುರಸ್ತಿ ಸೇವೆ ಇದೆಯೇ ಎಂಬುದನ್ನು ಖರೀದಿಗೆ ಮೊದಲೇ ವಿಚಾರಿಸುವುದು ಒಳಿತು.

ಕನ್ನಡ ಮುದ್ರಣ

ಕನ್ನಡದ ಒತ್ತಕ್ಷರಗಳು ಚಿಕ್ಕದಾಗಿರುವುದರಿಂದ ಶಾಯಿ ಉಳಿಸುವ ಡ್ರಾಫ್ಟ್ ವಿಧಾನದಲ್ಲಿ ಅವು ಮಸುಕಾಗಬಹುದು. ಹೆಸರು, ಸರ್ವೆ ನಂಬರುಗಳಿರುವ ದಾಖಲೆಗಳನ್ನು ಸಾಮಾನ್ಯ ಗುಣಮಟ್ಟದಲ್ಲಿಯೇ ಮುದ್ರಿಸುವುದು ಸೂಕ್ತ. ಯೂನಿಕೋಡ್ ಅಲ್ಲದ ನುಡಿ ಫಾಂಟಿನ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಿಂದ ಮುದ್ರಿಸಿದರೆ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ಫಾಂಟ್ ಅಡಕವಾಗಿರುವ ಪಿಡಿಎಫ್ ಆಗಿ ಉಳಿಸಿಕೊಂಡರೆ ಈ ದೋಷ ತಪ್ಪುತ್ತದೆ.

ವಿಲೇವಾರಿ

ಭಾರತದಲ್ಲಿ ಮುದ್ರಕ ಮತ್ತು ಕಾರ್ಟ್ರಿಜ್‌ಗಳು ಇ-ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬರುತ್ತವೆ. 2022ರ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಕೆಟ್ಟ ಯಂತ್ರ ಮತ್ತು ಖಾಲಿ ಕಾರ್ಟ್ರಿಜ್‌ಗಳನ್ನು ಮನೆಯ ಕಸದೊಂದಿಗೆ ಬೆರೆಸದೆ ನೋಂದಾಯಿತ ಮರುಬಳಕೆದಾರರಿಗೆ ತಲುಪಿಸಬೇಕಾಗುತ್ತದೆ.