ಅರ್ನೋ ತೀರದಲ್ಲಿ ಕೊಲ್ಹಾಪುರದ ಅರಸ

ಇಟಲಿಯ ಫ್ಲಾರೆನ್ಸ್ ನಗರದ ಪಶ್ಚಿಮದ ಅಂಚಿನಲ್ಲಿ ಕಾಶಿನೆ ಎಂಬ ವಿಶಾಲವಾದ ಉದ್ಯಾನವಿದೆ. ಅದರ ತುದಿಯಲ್ಲಿ, ಮುನ್ಯೋನೆ ಎಂಬ ಸಣ್ಣ ಹೊಳೆ ಅರ್ನೋ ನದಿಯನ್ನು ಕೂಡುವಲ್ಲಿ, ಭಾರತೀಯ ಶೈಲಿಯ ಮಂಟಪವೊಂದು ನಿಂತಿದೆ. ಒಳಗೆ ಪೇಟ ಸುತ್ತಿದ ತರುಣನ ಎದೆಮಟ್ಟದ ಪ್ರತಿಮೆ. ಅಲ್ಲಿನ ಜನ ಈ ಜಾಗವನ್ನು ‘ಇಂದ್ಯಾನೊ’, ಅಂದರೆ ‘ಭಾರತೀಯ’ ಎಂದೇ ಕರೆಯುತ್ತಾರೆ. 1978ರಲ್ಲಿ ಸಮೀಪದಲ್ಲಿ ಕಟ್ಟಿ ಮುಗಿಸಿದ ದೊಡ್ಡ ಸೇತುವೆಗೂ ಅದೇ ಹೆಸರು.

ಆ ಭಾರತೀಯ ನಮಗೆ ದೂರದವನಲ್ಲ. ಕೊಲ್ಹಾಪುರದ ಛತ್ರಪತಿ ರಾಜಾರಾಮ ಅವನು. ಇಂದು ಬೆಳಗಾವಿ ಜಿಲ್ಲೆಯಲ್ಲಿರುವ ರಾಯಬಾಗ ಆಗ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಚಿಕ್ಕೋಡಿ ಅದಕ್ಕೂ ಮೊದಲೇ ಬ್ರಿಟಿಷರ ಕೈಸೇರಿದ್ದರೂ ಸಂಬಂಧ ಕಡಿದಿರಲಿಲ್ಲ. ನಿಪ್ಪಾಣಿಯಿಂದ ಅಥಣಿ, ಅನಂತಪುರ, ಕಾಗವಾಡದವರೆಗಿನ ಜನಕ್ಕೆ ಕೊಲ್ಹಾಪುರ, ಮಿರಜ, ಸಾಂಗಲಿಗಳು ಎಂದೂ ಪರಸ್ಥಳಗಳಾಗಿರಲಿಲ್ಲ. ಹೀಗಾಗಿ ಈ ಗಡಿಸೀಮೆಯ ಯುರೋಪ್ ಯಾತ್ರೆಯ ಕಥೆಯನ್ನು ಕೊಲ್ಹಾಪುರದಿಂದಲೇ ಆರಂಭಿಸಬೇಕು.

ರಾಜಾರಾಮ ಹುಟ್ಟಿದ್ದು 1850ರಲ್ಲಿ. ದತ್ತಕನಾಗಿ ಬಂದು 1866ರಲ್ಲಿ ಗಾದಿ ಏರಿದ. ಇಂಗ್ಲಿಷ್ ಕಲಿತಿದ್ದ ಈ ಅರಸನಿಗೆ ಯುರೋಪನ್ನು ಕಣ್ಣಾರೆ ಕಾಣುವ ಆಸೆ. ಆದರೆ ಸಮುದ್ರ ದಾಟಿದವನಿಗೆ ಜಾತಿ ಕೆಡುತ್ತದೆ ಎಂಬ ನಂಬಿಕೆ ಬಲವಾಗಿದ್ದ ಕಾಲವದು. ಆಳುತ್ತಿದ್ದ ಹಿಂದೂ ಅರಸನೊಬ್ಬ ಹಡಗು ಹತ್ತುವುದು ತೀರ ಅಪರೂಪದ ಸಂಗತಿಯಾಗಿತ್ತು. 1870ರಲ್ಲಿ ಅವನು ತನ್ನ ಪರಿವಾರದೊಡನೆ ಮುಂಬಯಿಯಿಂದ ಹೊರಟ. ಜೊತೆಗೆ ಬ್ರಿಟಿಷ್ ಅಧಿಕಾರಿ ಕ್ಯಾಪ್ಟನ್ ವೆಸ್ಟ್ ಇದ್ದ. ಸೂಯೆಜ್ ಕಾಲುವೆ ಹಿಂದಿನ ವರ್ಷದ ನವೆಂಬರಿನಲ್ಲಷ್ಟೇ ತೆರೆದಿತ್ತು. ಭಾರತಕ್ಕೂ ಮೆಡಿಟರೇನಿಯನ್ ಸಮುದ್ರಕ್ಕೂ ನಡುವಿನ ದೂರ ಕುಗ್ಗತೊಡಗಿದ್ದ ಹೊತ್ತದು.

ಇಂಗ್ಲೆಂಡಿನಲ್ಲಿ ಅವನು ವಿಕ್ಟೋರಿಯಾ ರಾಣಿಯನ್ನು ಕಂಡ, ಪಾರ್ಲಿಮೆಂಟಿನ ಕಲಾಪ ನೋಡಿದ, ಊರೂರು ತಿರುಗಿದ. ದಿನದಿನದ ಸಂಗತಿಗಳನ್ನು ದಿನಚರಿಯಲ್ಲಿ ಬರೆದಿಟ್ಟ. ಆದರೆ ಆ ವರ್ಷದ ಯುರೋಪು ನಿಶ್ಚಿಂತೆಯಿಂದ ಅಡ್ಡಾಡುವಂತಿರಲಿಲ್ಲ. ಜುಲೈಯಲ್ಲಿ ಫ್ರಾನ್ಸ್ ಮತ್ತು ಪ್ರಷ್ಯಗಳ ನಡುವೆ ಯುದ್ಧ ಹತ್ತಿತು. ಸೆಪ್ಟೆಂಬರಿನಲ್ಲಿ ಪ್ಯಾರಿಸ್ ಮುತ್ತಿಗೆಗೆ ಒಳಗಾಯಿತು. ಅದೇ ತಿಂಗಳು ಇಟಲಿಯ ಸೈನ್ಯ ರೋಮನ್ನು ವಶಪಡಿಸಿಕೊಂಡಿತು. ಮರಳುವ ದಾರಿಯಲ್ಲಿ ರಾಜಾರಾಮ ಇಟಲಿಗೆ ಬರುವಾಗ ಆ ದೇಶದ ರಾಜಧಾನಿ ಇನ್ನೂ ಫ್ಲಾರೆನ್ಸ್ ಆಗಿತ್ತು. ದಾರಿಯಲ್ಲೇ ಕಾಯಿಲೆ ಬಿದ್ದಿದ್ದ ಅವನು ನವೆಂಬರ್ 30ರಂದು ಆ ನಗರದಲ್ಲಿಯೇ ತೀರಿಕೊಂಡ. ಆಗ ಅವನಿಗೆ ಇಪ್ಪತ್ತೇ ವರ್ಷ.

ಮುಂದಿನ ಪ್ರಶ್ನೆ ಅಂತ್ಯಕ್ರಿಯೆಯದು. ಶವದಹನ ಅಲ್ಲಿ ರೂಢಿಯಲ್ಲಿರಲಿಲ್ಲ, ಕಾನೂನಿನಲ್ಲೂ ಅವಕಾಶವಿರಲಿಲ್ಲ. ಇಟಲಿಯ ಮಿಲಾನಿನಲ್ಲಿ ಆಧುನಿಕ ಚಿತಾಗಾರದ ದಹನ ನಡೆದದ್ದು ಆರು ವರ್ಷಗಳ ಬಳಿಕ, 1876ರಲ್ಲಿ. ಬ್ರಿಟಿಷ್ ರಾಯಭಾರ ಕಚೇರಿ ನಡುವೆ ಬಂದು ವಿಶೇಷ ಅನುಮತಿ ಪಡೆಯಿತು. ಎರಡು ನೀರು ಕೂಡುವ ಜಾಗವನ್ನು ಆರಿಸಿ, ರಾತ್ರಿಯ ಹೊತ್ತಿನಲ್ಲಿ ಚಿತೆ ಹೊತ್ತಿಸಲಾಯಿತು. ಅಪರಿಚಿತ ಸಂಸ್ಕಾರವನ್ನು ನೋಡಲು ಊರಿನವರು ನೆರೆದರು. ಸಂಗಮದಲ್ಲಿ ಸಂಸ್ಕಾರವಾಗಬೇಕೆಂಬ ನಮ್ಮ ಕಡೆಯ ಭಾವನೆಗೆ ಅರ್ನೋ ನದಿ ಹೀಗೆ ಒದಗಿಬಂತು.

ಕ್ಯಾಪ್ಟನ್ ವೆಸ್ಟ್ ಆ ದಿನಚರಿಯನ್ನು ಸಂಪಾದಿಸಿ 1872ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ. 1874ರಲ್ಲಿ ಸ್ಮಾರಕ ಎದ್ದಿತು. ಪ್ರತಿಮೆ ಕಡೆದವನು ಇಂಗ್ಲಿಷ್ ಶಿಲ್ಪಿ ಫುಲ್ಲರ್. ಶಾಸನ ನಾಲ್ಕು ಭಾಷೆಗಳಲ್ಲಿದೆ. ಇತ್ತ 1880ರಲ್ಲಿ ಆರಂಭವಾದ ಕೊಲ್ಹಾಪುರದ ಕಾಲೇಜಿಗೆ ರಾಜಾರಾಮನ ಹೆಸರಿಡಲಾಯಿತು.

ಎರಡನೆಯ ಯಾತ್ರೆ ಶಾಹೂ ಮಹಾರಾಜರದು. ಅವರು ನಿಪ್ಪಾಣಿಯ ನೆರೆಯ ಕಾಗಲದ ಮನೆತನದವರು, ತಾಯಿ ಮುಧೋಳದ ಘೋರ್ಪಡೆ ಮನೆತನದ ಮಗಳು. ಏಳನೆಯ ಎಡ್ವರ್ಡನ ಪಟ್ಟಾಭಿಷೇಕಕ್ಕೆಂದು 1902ರಲ್ಲಿ ಅವರು ಇಂಗ್ಲೆಂಡಿಗೆ ಹೋದರು. ಜೂನ್ 26ಕ್ಕೆ ಗೊತ್ತಾಗಿದ್ದ ಸಮಾರಂಭ ದೊರೆಯ ಅನಾರೋಗ್ಯದಿಂದ ಆಗಸ್ಟ್ 9ಕ್ಕೆ ಮುಂದೆ ಹೋಯಿತು. ಈ ನಡುವೆ, ಜುಲೈ 26ರ ದಿನಾಂಕದಲ್ಲಿ, ಸಂಸ್ಥಾನದ ಖಾಲಿ ಹುದ್ದೆಗಳಲ್ಲಿ ಶೇ 50ನ್ನು ಹಿಂದುಳಿದ ವರ್ಗಗಳಿಗೆ ಮೀಸಲಿಡುವ ಆಜ್ಞೆ ಹೊರಟಿತು. ಅರಸ ಪರದೇಶದಲ್ಲಿದ್ದಾಗಲೇ ತಾಯ್ನಾಡಿನಲ್ಲಿ ಬಾಗಿಲೊಂದು ತೆರೆಯಿತು. ಸಂಸ್ಥಾನದ ಭಾಗವಾಗಿದ್ದ ರಾಯಬಾಗವೂ ಅದರ ವ್ಯಾಪ್ತಿಯೊಳಗೇ ಇತ್ತು.

ಆದರೆ ಒಂದು ಮಾತು ಗಮನಿಸಬೇಕು. ರಾಜಾರಾಮ ತನ್ನ ಯುರೋಪನ್ನು ಇಂಗ್ಲಿಷಿನಲ್ಲಿ ಬರೆದ. ಸಂಸ್ಥಾನದ ಆಡಳಿತ ನಡೆಯುತ್ತಿದ್ದದ್ದು ಮರಾಠಿಯಲ್ಲಿ. ಹೊಲದಲ್ಲಿ, ಸಂತೆಯಲ್ಲಿ, ಮನೆಯಲ್ಲಿ ಕನ್ನಡವಾಡುತ್ತಿದ್ದ ರಾಯಬಾಗದ ಪ್ರಜೆಗೆ ತನ್ನ ದೊರೆ ಏನು ಕಂಡನೆಂದು ಓದಿ ತಿಳಿಯುವ ದಾರಿ ಇರಲಿಲ್ಲ. ಯಾತ್ರೆಯ ಖರ್ಚು ಎಲ್ಲರದು, ನೋಟ ಮಾತ್ರ ಒಬ್ಬನದು.

ಈ ಕೊರತೆ ತುಂಬಿದವರು ಅರಸರಲ್ಲ, ಅಧ್ಯಾಪಕರು. ಸವಣೂರಿನಲ್ಲಿ ಹುಟ್ಟಿದ ವಿನಾಯಕ ಕೃಷ್ಣ ಗೋಕಾಕರು 1936ರಲ್ಲಿ ಆಕ್ಸ್‌ಫರ್ಡಿಗೆ ಹೋಗಿ 1938ರಲ್ಲಿ ಮರಳಿದರು. ಆ ಅನುಭವದಿಂದ ‘ಸಮುದ್ರದಾಚೆಯಿಂದ’ ಎಂಬ ಪ್ರವಾಸ ಕಥನ ಬಂತು. ಹಡಗಿನ ಪಯಣದಿಂದ 1940ರಲ್ಲಿ ‘ಸಮುದ್ರ ಗೀತೆಗಳು’ ಬಂದವು. ಜಾತಿ ಕೆಡಿಸುವುದೆಂದು ಹೆದರಿದ್ದ ಕಡಲು ಕನ್ನಡದಲ್ಲಿ ಕಾವ್ಯದ ವಸ್ತುವಾಯಿತು. ಮುಂದೆ ಗೋಕಾಕರು ಸಾಂಗಲಿಯ ವಿಲಿಂಗ್ಡನ್ ಕಾಲೇಜಿಗೂ ಬಳಿಕ ಕೊಲ್ಹಾಪುರದ ರಾಜಾರಾಮ ಕಾಲೇಜಿಗೂ ಪ್ರಾಚಾರ್ಯರಾದದ್ದು ಇತಿಹಾಸದ ಸೊಗಸಾದ ಸಂಯೋಗ. ಫ್ಲಾರೆನ್ಸಿನಲ್ಲಿ ಮಡಿದ ಅರಸನ ಹೆಸರಿನ ವಿದ್ಯಾಲಯವನ್ನು, ಯುರೋಪನ್ನು ಕನ್ನಡಕ್ಕೆ ತಂದ ಲೇಖಕರೊಬ್ಬರು ನಡೆಸಿದರು.

ಕೊಲ್ಹಾಪುರ ಸಂಸ್ಥಾನ 1949ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. 1956ರಲ್ಲಿ ರಾಯಬಾಗ ಮೈಸೂರು ರಾಜ್ಯಕ್ಕೆ ಬಂತು. ಗಡಿಗಳು ಬದಲಾದವು, ದೊರೆತನ ಹೋಯಿತು. ದೂರದೇಶ ನೋಡಿ ಬರುವುದು ಒಂದು ಕಾಲಕ್ಕೆ ಸಿಂಹಾಸನದ ಸವಲತ್ತಾಗಿತ್ತು. ಅದು ಓದಿನ ಬಲದಿಂದ ಶಿಕ್ಷಕನಿಗೂ, ಪುಸ್ತಕದ ಮೂಲಕ ಊರು ಬಿಡದ ಓದುಗನಿಗೂ ದಕ್ಕಿದ್ದು ದೊಡ್ಡ ಬದಲಾವಣೆ. ಪ್ರವಾಸಿ ಕಂಡದ್ದು ಅವನ ಊರಿನ ಮಾತಿನಲ್ಲಿ ಊರಿಗೆ ಬಂದಾಗಲೇ ಪ್ರವಾಸ ಪೂರ್ತಿಯಾಗುತ್ತದೆ. ಇಪ್ಪತ್ತರ ಹರೆಯದ ಆ ಅರಸನ ಯಾತ್ರೆ ಅರ್ಧಕ್ಕೇ ನಿಂತಿತು ಎನ್ನುವುದು ಎರಡು ಅರ್ಥದಲ್ಲಿಯೂ ನಿಜ.