ಕಾದಂಬರಿಕಾರನ ಕಸಬು



ಕಾದಂಬರಿ ಬರೆಯಬೇಕೆಂಬ ಹಂಬಲವುಳ್ಳ ತರುಣರು ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ನಾಲ್ಕು. ಕಾದಂಬರಿ ಎಷ್ಟು ಉದ್ದವಿರಬೇಕು? ಸ್ಫೂರ್ತಿ ಬರುವವರೆಗೆ ಕಾಯಬೇಕೆ, ಇಲ್ಲವೆ ದಿನವೂ ಕುಳಿತು ಬರೆಯಬೇಕೆ? ಗ್ರಂಥದ ಹಕ್ಕನ್ನು ಪ್ರಕಾಶಕನಿಗೆ ಮಾರಿಬಿಡಬಹುದೆ? ಈ ಕಸಬು ಹೊಟ್ಟೆ ಹೊರೆದೀತೆ? ಮೊದಲೆರಡು ಪ್ರಶ್ನೆಗಳು ಕಲೆಗೆ ಸೇರಿದವು, ಉಳಿದೆರಡು ವ್ಯಾಪಾರಕ್ಕೆ ಸೇರಿದವು ಎಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಕಾದಂಬರಿಯ ಚರಿತ್ರೆಯನ್ನು ಓದಿದವರಿಗೆ ಇವೆರಡರ ನಡುವಣ ಗೋಡೆ ಅಷ್ಟು ಗಟ್ಟಿಯಾಗಿ ಕಾಣುವುದಿಲ್ಲ. ಪುಸ್ತಕವು ವಾಚಕನ ಕೈಸೇರುವ ದಾರಿ ಹೇಗಿತ್ತೋ, ಕಾದಂಬರಿಯ ಮೈಕಟ್ಟೂ ಬಹುಮಟ್ಟಿಗೆ ಹಾಗೆಯೇ ಬೆಳೆಯಿತು. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡು ಇದಕ್ಕೆ ಸ್ಪಷ್ಟವಾದ ಉದಾಹರಣೆ. ನಮ್ಮ ಕನ್ನಡ ಕಾದಂಬರಿಯ ಒಂದು ಎಳೆಯೂ ಅಲ್ಲಿಂದಲೇ ಹೊರಟು ಬಂದುದರಿಂದ ಆ ವೃತ್ತಾಂತ ನಮಗೆ ತೀರ ಹೊರಗಿನದಲ್ಲ.

ಮೊದಲು ಉದ್ದದ ಮಾತು. 1821ರಲ್ಲಿ ಸರ್ ವಾಲ್ಟರ್ ಸ್ಕಾಟನ ‘ಕೆನಿಲ್‌ವರ್ತ್’ ಮೂರು ಸಂಪುಟಗಳಲ್ಲಿ ಹೊರಬಿದ್ದಿತು. ಬೆಲೆ ಒಂದೂವರೆ ಗಿನಿ, ಅಂದರೆ 31 ಷಿಲ್ಲಿಂಗು 6 ಪೆನ್ಸು. ಅಂದಿನಿಂದ ಸುಮಾರು ಎಪ್ಪತ್ತು ವರ್ಷಗಳ ಕಾಲ ಹೊಸ ಕಾದಂಬರಿಗೆ ಇದೇ ಅಳತೆ, ಇದೇ ಬೆಲೆ ರೂಢಿಯಾಯಿತು. ಇಷ್ಟು ಹಣ ತೆತ್ತು ಕೊಳ್ಳಬಲ್ಲವರು ವಿರಳ. ಕೊಳ್ಳುತ್ತಿದ್ದವು ಪುಸ್ತಕಗಳನ್ನು ಎರವಲು ಕೊಡುವ ಭಂಡಾರಗಳು. ಅವುಗಳಲ್ಲಿ ಹಿರಿದು 1842ರಲ್ಲಿ ಮೂಡಿ ಎಂಬಾತ ಸ್ಥಾಪಿಸಿದ್ದು. ವರ್ಷಕ್ಕೆ ಒಂದು ಗಿನಿ ಚಂದಾ ಕೊಟ್ಟವನು ಒಂದು ಸಲಕ್ಕೆ ಒಂದು ಸಂಪುಟವನ್ನು ಮನೆಗೆ ಒಯ್ಯಬಹುದಾಗಿತ್ತು. ಒಂದೇ ಕಾದಂಬರಿ ಮೂರು ಸಂಪುಟಗಳಾಗಿದ್ದರೆ ಏಕಕಾಲಕ್ಕೆ ಮೂರು ಮನೆಗಳಲ್ಲಿ ಓಡಾಡೀತು, ಭಂಡಾರದವರಿಗೆ ಲಾಭ. ಆದುದರಿಂದ ಪ್ರಕಾಶಕರು ಮೂರು ಸಂಪುಟಗಳನ್ನೇ ಕೇಳಿದರು; ಗ್ರಂಥಕರ್ತರು ಕಥೆಯನ್ನು ಹಿಗ್ಗಿಸಿದರು. ಒಂದು ಸಂಪುಟಕ್ಕೆ ಸಾಕಾಗುವ ಪ್ರೇಮಪ್ರಸಂಗಕ್ಕೆ ಉಪಕಥೆಗಳು ಸೇರಿದವು, ಸಂಭಾಷಣೆಗಳು ಬೆಳೆದವು. 1894ರಲ್ಲಿ ಅದೇ ಭಂಡಾರಗಳು ಸಂಪುಟವೊಂದಕ್ಕೆ 4 ಷಿಲ್ಲಿಂಗಿಗಿಂತ ಹೆಚ್ಚು ಕೊಡಲಾರೆವೆಂದು ಸಾರಿದುವು. ಕೆಲವೇ ವರ್ಷಗಳಲ್ಲಿ ಮೂರು ಸಂಪುಟದ ಕಾದಂಬರಿ ಕಣ್ಮರೆಯಾಯಿತು. ಕಾದಂಬರಿಯ ಉದ್ದವನ್ನು ಅಲಂಕಾರಶಾಸ್ತ್ರವೊಂದೇ ನಿರ್ಣಯಿಸಲಿಲ್ಲ, ಚಂದಾಹಣವೂ ನಿರ್ಣಯಿಸಿತು.

ಅದೇ ಕಾಲದಲ್ಲಿ ಮತ್ತೊಂದು ದಾರಿಯೂ ತೆರೆಯಿತು. 1836ರಲ್ಲಿ ಚಾರ್ಲ್ಸ್ ಡಿಕನ್ಸನ ‘ಪಿಕ್‌ವಿಕ್ ಪೇಪರ್ಸ್’ ತಿಂಗಳಿಗೊಂದು ಕಂತಾಗಿ, ಕಂತಿಗೆ ಒಂದು ಷಿಲ್ಲಿಂಗಿನಂತೆ ಹೊರಡತೊಡಗಿತು. ಇಪ್ಪತ್ತು ಷಿಲ್ಲಿಂಗಿಗೆ ಇಡೀ ಗ್ರಂಥ ಕೈಸೇರುವುದು. ಅದೂ ತಿಂಗಳು ತಿಂಗಳು ಸ್ವಲ್ಪ ಸ್ವಲ್ಪವಾಗಿ ತೆತ್ತು. ಮೊದಮೊದಲು ಮಾರಾಟ ನೀರಸವಾಗಿತ್ತು. ನಾಲ್ಕನೆಯ ಕಂತಿನಲ್ಲಿ ಸ್ಯಾಮ್ ವೆಲ್ಲರ್ ಎಂಬ ಮಾತುಗಾರ ಸೇವಕನು ರಂಗಪ್ರವೇಶ ಮಾಡಿದನು. ವಾಚಕರು ಅವನಿಗೆ ಮನಸೋತರು. ಕೊನೆಕೊನೆಗೆ ಕಂತೊಂದು ಸುಮಾರು 40,000 ಪ್ರತಿಗಳಷ್ಟು ಮಾರಿತು. ಇಲ್ಲಿ ಕಸಬಿನ ಒಂದು ದೊಡ್ಡ ಪಾಠವಿದೆ. ಕಂತಿನಲ್ಲಿ ಬರೆಯುವವನು ಪ್ರತಿ ತಿಂಗಳೂ ವಾಚಕನನ್ನು ಮರಳಿ ಕರೆಯಬೇಕು. ಪಾತ್ರಗಳನ್ನು ಒಂದು ತಿಂಗಳಾದರೂ ಮರೆಯದಂತೆ ಅಚ್ಚೊತ್ತಬೇಕು. ಡಿಕನ್ಸನ ಪಾತ್ರಗಳಿಗೆ ಒಂದೊಂದು ವಿಶಿಷ್ಟವಾದ ಮಾತಿನ ವರಸೆ, ಒಂದೊಂದು ಅಂಗಚೇಷ್ಟೆ ಇರುವುದನ್ನು ಕೆಲವು ವಿಮರ್ಶಕರು ಅತಿರೇಕವೆನ್ನುತ್ತಾರೆ. ಮೂವತ್ತು ದಿನಗಳ ತರುವಾಯ ಗುರುತು ಸಿಕ್ಕಬೇಕಾದ ಮುಖಕ್ಕೆ ಆ ಗುರುತುಗಳು ಅವಶ್ಯವಾಗಿದ್ದುವೆಂಬುದನ್ನು ಅವರು ನೆನೆಯಬೇಕು.

ಇನ್ನು ಸ್ಫೂರ್ತಿಯ ಪ್ರಶ್ನೆ. ಆಂಥೊನಿ ಟ್ರಾಲಪ್ ಎಂಬ ಕಾದಂಬರಿಕಾರನು ಅಂಚೆ ಇಲಾಖೆಯ ಅಧಿಕಾರಿ. ಆತನು ಬೆಳಗಿನ ಐದೂವರೆ ಗಂಟೆಗೆ ಮೇಜಿನ ಮುಂದೆ ಕುಳಿತು, ಗಡಿಯಾರವನ್ನು ಎದುರಿಗಿಟ್ಟುಕೊಂಡು, ಕಾಲು ಗಂಟೆಗೆ 250 ಪದಗಳಂತೆ ಬರೆಯುತ್ತಿದ್ದನು. ಆ ಬಳಿಕ ಕಚೇರಿಯ ಕೆಲಸ. ಹೀಗೆ 47 ಕಾದಂಬರಿಗಳನ್ನು ಬರೆದು ಮುಗಿಸಿದನು. ಆತನು ತೀರಿಕೊಂಡ ಮೇಲೆ, 1883ರಲ್ಲಿ, ಆತ್ಮಚರಿತ್ರೆ ಪ್ರಕಟವಾಯಿತು. ಅದರಲ್ಲಿ ಈ ಗಡಿಯಾರದ ವಿಷಯವೂ, ಯಾವ ಗ್ರಂಥಕ್ಕೆ ಎಷ್ಟು ಪೌಂಡು ಬಂದಿತೆಂಬ ಪಟ್ಟಿಯೂ ಇದ್ದುವು. ಒಟ್ಟು ಮೊತ್ತ 70,000 ಪೌಂಡುಗಳಿಗೆ ಸ್ವಲ್ಪವೇ ಕಡಮೆ. ರಸಿಕರು ಮುಖ ಸಿಂಡರಿಸಿದರು. ಆತನ ಕೀರ್ತಿಗೆ ಬಹುಕಾಲ ಕುಂದು ತಗಲಿತು. ಆದರೂ ಆ ಕಾದಂಬರಿಗಳು ಸಾಯಲಿಲ್ಲ. ಗಡಿಯಾರ ನೋಡಿ ಬರೆದನೆಂಬುದರಿಂದ ಬಾರ್ಸೆಟ್‌ಷೈರಿನ ಪಾದ್ರಿಗಳ ಜೀವಕಳೆ ಕುಗ್ಗಿಲ್ಲ. ಸ್ಫೂರ್ತಿ ಬರುವುದೇ ನಿಜವಾದರೆ, ಅದು ಬಂದಾಗ ನಾವು ಮೇಜಿನ ಬಳಿ ಇರುವುದು ಲೇಸಲ್ಲವೆ?

ಮೂರನೆಯದು ಹಕ್ಕಿನ ಪ್ರಶ್ನೆ. ಜೇನ್ ಆಸ್ಟೆನಳ ಅನುಭವವನ್ನು ನೋಡಿ. 1803ರಲ್ಲಿ ಆಕೆಯ ಒಂದು ಹಸ್ತಪ್ರತಿ 10 ಪೌಂಡಿಗೆ ಮಾರಾಟವಾಯಿತು. ಕೊಂಡವನು ಅದನ್ನು ಅಚ್ಚು ಹಾಕಿಸಲೇ ಇಲ್ಲ. ಹದಿಮೂರು ವರ್ಷಗಳ ತರುವಾಯ ಅದೇ ಹಣ ತೆತ್ತು ಅದನ್ನು ಬಿಡಿಸಿಕೊಳ್ಳಬೇಕಾಯಿತು. ‘ನಾರ್ತಾಂಗರ್ ಆಬಿ’ ಎಂದು ಅದು ಪ್ರಕಟವಾಗುವ ಹೊತ್ತಿಗೆ ಆಕೆ ಬದುಕಿರಲಿಲ್ಲ. 1811ರಲ್ಲಿ ‘ಸೆನ್ಸ್ ಅಂಡ್ ಸೆನ್ಸಿಬಿಲಿಟಿ’ಯನ್ನು ನಷ್ಟದ ಹೊಣೆಯನ್ನು ತಾನೇ ಹೊತ್ತು ಅಚ್ಚು ಹಾಕಿಸಿದಳು, 140 ಪೌಂಡು ಲಾಭ ಬಂದಿತು. 1813ರಲ್ಲಿ ಹೊರಬಂದ ‘ಪ್ರೈಡ್ ಅಂಡ್ ಪ್ರೆಜುಡಿಸ್’ನ ಹಕ್ಕನ್ನೋ 110 ಪೌಂಡಿಗೆ ಪೂರ್ತಿಯಾಗಿ ಮಾರಿದ್ದಳು. ಅದು ಮತ್ತೆ ಮತ್ತೆ ಅಚ್ಚಾದಾಗ ಆಕೆಗೆ ಒಂದು ಕಾಸೂ ಸೇರಲಿಲ್ಲ. ಇಂದು ಒಪ್ಪಂದಕ್ಕೆ ರುಜು ಹಾಕುವ ತರುಣನು ಈ ಮೂರು ಲೆಕ್ಕಗಳನ್ನು ಒಮ್ಮೆ ಓದಿ ನೋಡಲಿ.

ಕೊನೆಯದಾಗಿ ಜೀವನೋಪಾಯ. ಸ್ಕಾಟನಷ್ಟು ಗಳಿಸಿದ ಗ್ರಂಥಕರ್ತರು ಆ ಕಾಲದಲ್ಲಿ ಇಲ್ಲ. ಆತನಷ್ಟು ಕಳೆದುಕೊಂಡವರೂ ಇಲ್ಲ. ಮುದ್ರಣಾಲಯವೊಂದರಲ್ಲಿ ಗುಟ್ಟಾಗಿ ಪಾಲುದಾರನಾಗಿದ್ದ ಆತನಿಗೆ, 1826ರಲ್ಲಿ ಪ್ರಕಾಶಕರು ದಿವಾಳಿಯೆದ್ದಾಗ, ಒಂದು ಲಕ್ಷ ಪೌಂಡಿಗೂ ಮಿಕ್ಕ ಸಾಲ ತಲೆಯ ಮೇಲೆ ಬಿದ್ದಿತು. ದಿವಾಳಿ ಅರ್ಜಿ ಹಾಕಲು ಒಪ್ಪದೆ, 1832ರಲ್ಲಿ ಸಾಯುವವರೆಗೂ ಬರೆದು ಬರೆದು ತೀರಿಸುತ್ತ ಹೋದನು. ಉಳಿದುದು ಆತನ ಪುಸ್ತಕಗಳ ಉತ್ಪತ್ತಿಯಿಂದಲೇ ತೀರಿತು.

ಈ ಸ್ಕಾಟನ ಮಾದರಿಯೇ ವಂಗದೇಶವನ್ನು ಸುತ್ತಿ ನಮ್ಮಲ್ಲಿಗೆ ಬಂದಿತು. ಬಂಕಿಮಚಂದ್ರರನ್ನು ವಂಗದೇಶದ ಸ್ಕಾಟ್ ಎಂದು ಕರೆದವರುಂಟು. ಅವರ ‘ದುರ್ಗೇಶನಂದಿನಿ’ ಮೊದಲಾದ ಕಾದಂಬರಿಗಳನ್ನು ಬಿ. ವೆಂಕಟಾಚಾರ್ಯರು ತಾವಾಗಿಯೇ ಬಂಗಾಳಿಯನ್ನು ಕಲಿತು ಕನ್ನಡಕ್ಕೆ ತಂದರು. ಅವರು ನ್ಯಾಯಾಂಗ ಇಲಾಖೆಯಲ್ಲಿದ್ದವರು. 1899ರಲ್ಲಿ ಮಂಗಳೂರಿನಿಂದ ‘ಇಂದಿರಾಬಾಯಿ’ಯನ್ನು ಹೊರತಂದ ಗುಲ್ವಾಡಿ ವೆಂಕಟರಾಯರು ಪೊಲೀಸ್ ಇಲಾಖೆಯವರು. ಗಳಗನಾಥರು ಶಾಲೆಯ ಉಪಾಧ್ಯಾಯರಾಗಿದ್ದವರು. ಇಂಗ್ಲೆಂಡಿನಲ್ಲಿ ಮೂಡಿಯ ಭಂಡಾರವಿತ್ತು, ಕಂತುಗಳನ್ನು ಮಾರುವ ಅಂಗಡಿಗಳಿದ್ದುವು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಅವು ಯಾವುವೂ ಇರಲಿಲ್ಲ. ಗಳಗನಾಥರು ಪುಸ್ತಕಗಳ ಹೊರೆಯನ್ನು ತಾವೇ ಹೊತ್ತು ಊರೂರು ಅಲೆದು ಮಾರಿದರು. ಓದುವ ಅಭ್ಯಾಸವೇ ಇಲ್ಲದ ಮನೆಗಳಿಗೆ ಕಾದಂಬರಿ ಹೀಗೆ ಕಾಲ್ನಡಿಗೆಯಲ್ಲಿ ಹೋಯಿತು. ಮನೆಮಂದಿಯೆಲ್ಲ ಕೂಡಿ ಕೇಳಬಹುದಾದ ಅವರ ಕಥನರೀತಿಗೂ ಈ ನಡಿಗೆಗೂ ಸಂಬಂಧವಿಲ್ಲವೆನ್ನಲಾಗದು. 1933ರಲ್ಲಿ ಧಾರವಾಡದಲ್ಲಿ ಜಿ. ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆಯು ಚಂದಾದಾರರನ್ನು ಮೊದಲೇ ಕೂಡಿಸಿ, ಗ್ರಂಥಕರ್ತನಿಗೆ ಕಾದಿರುವ ವಾಚಕರನ್ನು ಒದಗಿಸಿತು. ಆಮೇಲೆ ಅ. ನ. ಕೃಷ್ಣರಾಯರು ಬರವಣಿಗೆಯನ್ನೇ ಜೀವನೋಪಾಯವಾಗಿ ಹಿಡಿದು ನೂರಕ್ಕೂ ಮಿಕ್ಕ ಕಾದಂಬರಿಗಳನ್ನು ಬರೆದರು. ಅಷ್ಟು ವಾಚಕರು ಆ ಹೊತ್ತಿಗೆ ಸಿದ್ಧರಾಗಿದ್ದರೆ, ಅದರಲ್ಲಿ ಹೊರೆ ಹೊತ್ತು ನಡೆದವರ ಪಾಲೂ ಉಂಟು.

ಕಲೆಯನ್ನು ವ್ಯಾಪಾರವು ಮಲಿನಗೊಳಿಸುತ್ತದೆಂದು ಹೇಳುವುದು ಸುಲಭ. ಹಿಗ್ಗಿಸಿದ ಮೂರನೆಯ ಸಂಪುಟಗಳು ಆ ಮಾತಿಗೆ ಸಾಕ್ಷಿಯೂ ಹೌದು. ಆದರೆ ವಾಚಕನನ್ನು ತಲಪಲೇಬೇಕೆಂಬ ಅಗತ್ಯವೇ ಸ್ಯಾಮ್ ವೆಲ್ಲರನಿಗೆ ಬೆಳೆಯಲು ಎಡೆಗೊಟ್ಟಿತು, ಕನ್ನಡದ ಹಳ್ಳಿಗಳಿಗೆ ಗದ್ಯಕಥೆಯ ರುಚಿ ಹತ್ತಿಸಿತು. ಆದುದರಿಂದ ಬರೆಯಹೊರಟ ತರುಣನು ಮೇಲಿನ ನಾಲ್ಕು ಪ್ರಶ್ನೆಗಳಿಗೆ ಮೊದಲು ಐದನೆಯದೊಂದನ್ನು ತನ್ನನ್ನೇ ಕೇಳಿಕೊಳ್ಳುವುದು ಒಳ್ಳೆಯದು: ನನ್ನ ವಾಚಕನು ಯಾರು, ಅವನ ಬಾಗಿಲಿಗೆ ನಾನು ಯಾವ ದಾರಿಯಿಂದ ಹೋಗಲಿ? ಇದಕ್ಕೆ ಉತ್ತರ ದೊರೆತವನಿಗೆ ಪುಟಗಳ ಲೆಕ್ಕ ತಾನಾಗಿಯೇ ದೊರೆಯುತ್ತದೆ.